ಮುದ್ರೆ ಹಾಕದ ಮೂರು ಚೀಲ

ಬೊಝ್‌ಕುಲ್ ನಿಲ್ದಾಣ, ಕೊಸ್ತನಾಯ್ ಪ್ರಾಂತ್ಯ
ಅಕ್ಟೋಬರ್ 24, ಗುರುವಾರ

ಕೆಂಝೆಬೆಕ್‌ಗೆ,

ಪದ್ಧತಿಯಂತೆ ಮೊದಲು ನಿನ್ನ ಕುರಿ ಕುದುರೆ ಸುಖವೇ, ಆಮೇಲೆ ಮನೆಮಂದಿ ಸುಖವೇ ಎಂದು ಕೇಳಬೇಕು. ನಿನ್ನ ಬಳಿ ಕುರಿಯೂ ಇಲ್ಲ, ಕುದುರೆಯೂ ಇಲ್ಲ. ಮನೆಮಂದಿ ಅಂದರೆ ನಿನ್ನ ಅಮ್ಮ. ಅವರು ಇಲ್ಲಿ ನನ್ನ ಜೊತೆ ಇದ್ದಾರೆ, ಎಪ್ಪತ್ತೆಂಟರಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಕುಶಲದ ಶಾಸ್ತ್ರ ಇಲ್ಲಿಗೆ ಮುಗಿಯಿತು.

ಮೊದಲು ಕೆಲಸದ ಮಾತು, ಏಕೆಂದರೆ ನೀನು ನನ್ನ ಪತ್ರಗಳನ್ನು ಅರ್ಧ ಓದಿ ಮಡಿಸಿಡುವವನು. ಹದಿನೈದನೇ ತಾರೀಕು ನಮ್ಮ ಕಣಜದಿಂದ ನಿಮ್ಮ ಗಿರಣಿಗೆ ನಲವತ್ತೆರಡು ವ್ಯಾಗನ್ ಗೋಧಿ ಹೊರಟಿದೆ. ಅದರ ಜೊತೆ ಬರುವ ಪ್ರಮಾಣಪತ್ರದಲ್ಲಿ ಬೂಷ್ಟಿನ ವಿಷ ಕಿಲೋಗೆ ಇನ್ನೂರ ನಲವತ್ತು ಮೈಕ್ರೋಗ್ರಾಂ ಎಂದು ಬರೆದಿದೆ. ಕೆಳಗಿನ ಸಹಿ ನನ್ನದು. ಆ ಅಂಕಿ ತಪ್ಪು. ನಿಜವಾದ ಅಂಕಿ ಸಾವಿರದ ಐನೂರು. ಮಿತಿ ಏಳುನೂರು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಆ ಗೋಧಿಯನ್ನು ಇಳಿಸಿಕೊಳ್ಳಬೇಡ. ಒಮ್ಮೆ ನಿಮ್ಮ ಕಣಜದ ಹಳೇ ಗೋಧಿಯ ಮೇಲೆ ಅದು ಬಿದ್ದರೆ ಆಮೇಲೆ ಯಾರಿಂದಲೂ ಬೇರ್ಪಡಿಸಲಾಗದು. ಒಂದು ತಿಂಗಳು ನಿಮ್ಮ ಸಾರಿಯಗಾಶ್ ಊರಿನ ಪ್ರತಿ ತಂದೂರಿನ ರೊಟ್ಟಿಯಲ್ಲೂ ಅದು ಇರುತ್ತದೆ, ಮಕ್ಕಳು ವಾಂತಿ ಮಾಡಿಕೊಂಡಾಗ ತಾಯಂದಿರು ಕಲ್ಲಂಗಡಿಯನ್ನೋ ಹಾಲನ್ನೋ ಬೈಯುತ್ತಾರೆ.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳುತ್ತೀಯ. ಒಂದನೆಯದಾಗಿ, ನಾವಿಬ್ಬರೂ ಫೋನಿನಲ್ಲಿ ಎರಡನೇ ನಿಮಿಷಕ್ಕೆ ಜಗಳ ಶುರು ಮಾಡುತ್ತೇವೆ, ಮೂರನೇ ನಿಮಿಷಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಅಂಕಿಸಂಖ್ಯೆ ಹೇಳುವ ಮಾತೇ ಇಲ್ಲ. ಎರಡನೆಯದಾಗಿ, ಹೆಂಡತಿ ಫೋನ್ ಮಾಡಿದಳು ಎಂದರೆ ನಿಮ್ಮ ಗಿರಣಿಯ ಯಜಮಾನರು ರೈಲು ನಿಲ್ಲಿಸುತ್ತಾರೆಯೇ? ಅವರಿಗೆ ಕಾಗದ ಬೇಕು. ಎರಡನೇ ಪರೀಕ್ಷೆಯ ಹಾಳೆ ಇದರೊಳಗೆ ಇದೆ, ನನ್ನ ಮೊಹರು ಸಮೇತ. ನಿಮ್ಮ ವ್ಯಾಗನ್‌ಗಳು ಇನ್ನೂ ಗಡಿಯ ಸರದಿಯಲ್ಲಿ ನಾಲ್ಕು ನಿಲ್ದಾಣ ಹಿಂದೆ ನಿಂತಿವೆ ಎಂದು ರೈಲ್ವೆಯವರು ಹೇಳಿದರು. ಈ ಸಂಜೆಯ ಪ್ಯಾಸೆಂಜರ್ ರೈಲಿನ ಬೋಗಿ ನೋಡಿಕೊಳ್ಳುವ ಹೆಂಗಸಿನ ಕೈಗೆ ಈ ಲಕೋಟೆ ಕೊಡುತ್ತಿದ್ದೇನೆ. ಶನಿವಾರ ನಿನ್ನ ಕೈ ಸೇರುತ್ತದೆ, ಗೋಧಿಗಿಂತ ಒಂದೆರಡು ದಿನ ಮೊದಲು.

ಇನ್ನು ಉಳಿದದ್ದನ್ನು ಕುತೂಹಲ ಇದ್ದರೆ ಓದು. ನನಗಂತೂ ಆರು ದಿನ ತಿಂದ ಅನ್ನ ರುಚಿಸಲಿಲ್ಲ, ಹೆದರಿಕೆಯಿಂದಲ್ಲ, ಕುತೂಹಲದಿಂದ. ಹೆದರಿಕೆ ಆಮೇಲೆ ಬಂತು.

ಈ ವರ್ಷ ಜುಲೈಯಲ್ಲಿ ತೆನೆ ಹೂ ಬಿಡುವ ಹೊತ್ತಿಗೆ ಸರಿಯಾಗಿ ಹತ್ತು ದಿನ ಮಳೆ ಹಿಡಿಯಿತು. ಆಗಲೇ ನಾನೂ ಲೀದಾಳೂ ಅಂದುಕೊಂಡಿದ್ದೆವು, ಈ ಸಲ ಬೂಷ್ಟು ಹತ್ತಿದ ಗುಲಾಬಿ ಕಾಳು ಬರುತ್ತದೆ ಎಂದು. ಲೀದಾ ನಿನಗೆ ಗೊತ್ತು. ಮೂವತ್ತೈದು ವರ್ಷದಿಂದ ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕಾಳು ಎಣಿಸುತ್ತಾ ನನ್ನನ್ನು ಬೈಯುವವಳು. ಕಾಳು ನೋಡಲು ಸುಣ್ಣ ಬಳಿದ ಹಾಗೆ ಬೆಳ್ಳಗೆ, ಒಂದು ಮೂಲೆಯಲ್ಲಿ ಗುಲಾಬಿ ಛಾಯೆ, ಕೈಯಲ್ಲಿ ಹಿಡಿದರೆ ತೂಕವಿಲ್ಲ. ಪಲಾವ್ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು ಅನ್ನುತ್ತಾರೆ. ಬೂಷ್ಟಿನ ವಿಷಕ್ಕೆ ಈ ಗಾದೆ ನಡೆಯುವುದಿಲ್ಲ. ಸಾವಿರ ಕಾಳು ಸಜ್ಜನರು, ಸಾವಿರದ ಒಂದನೆಯದರಲ್ಲಿ ಊರಿಗಾಗುವಷ್ಟು ವಿಷ. ಅದಕ್ಕೇ ಅಲ್ಲವೇ ನಾವು ಪ್ರತಿ ವ್ಯಾಗನ್‌ಗೂ ಕೊಳವೆ ಚುಚ್ಚಿ ಚುಚ್ಚಿ ತೆಗೆದು, ಎಲ್ಲವನ್ನೂ ಕಲೆಸಿ, ಮೇಜಿನ ಮೇಲೆ ಚೌಕ ಹರಡಿ, ಮೂಲೆಯಿಂದ ಮೂಲೆಗೆ ಗೀಟೆಳೆದು, ಎದುರುಬದುರು ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಬಿಡುವುದು. ಮತ್ತೆ ಹರಡುವುದು, ಮತ್ತೆ ಗೀಟು. ಕೊನೆಗೆ ಎರಡೂವರೆ ಕಿಲೋದ ಮೂರು ಚೀಲ ಉಳಿಯುತ್ತವೆ. ಒಂದು ಪರೀಕ್ಷೆಗೆ, ಒಂದು ವ್ಯಾಗನ್‌ಗಳ ಜೊತೆ ಕೊಳ್ಳುವವರಿಗೆ, ಒಂದು ನಮ್ಮ ಕಪಾಟಿಗೆ. ಮೂರೂ ಅವಳಿಜವಳಿ ಇದ್ದ ಹಾಗೆ.

ಶುಕ್ರವಾರ, ಹನ್ನೊಂದನೇ ತಾರೀಕು, ನಾನೇ ಈ ಕೈಯಿಂದ ಹಾಗೆ ಮೂರು ಚೀಲ ಮಾಡಿದೆ. ಈಗ ನನ್ನ ತಪ್ಪು ಹೇಳುತ್ತೇನೆ. ಹದಿನೈದರ ತನಕ ಊರಿನ ಕೊಳವೆಗಳಿಗೆ ಕೋಣೆ ಕಾಯಿಸುವ ಬಿಸಿನೀರು ಬಿಡುವುದಿಲ್ಲ, ಪ್ರಯೋಗಾಲಯದ ಗೋಡೆ ಬೆವರುತ್ತಿತ್ತು. ಒಣಗಿಸುವ ಕಪಾಟಿನ ತಂತಿ ಸುಟ್ಟು ಹೋಗಿತ್ತು. ಒದ್ದೆ ಮಾದರಿ ಎರಡು ದಿನ ಆ ತಂಡಿಯಲ್ಲಿ ಕೂತರೆ ಚೀಲದಲ್ಲೇ ಬೂಷ್ಟು ಬೆಳೆದು, ಹೊಲದ ವಿಷ ಯಾವುದು ನನ್ನ ಕಪಾಟಿನ ವಿಷ ಯಾವುದು ಎಂದೇ ತಿಳಿಯದ ಹಾಗಾಗುತ್ತದೆ. ಮುದ್ರೆಯ ಅರಗು ಸೋಮವಾರ ಬರುವುದಿತ್ತು. ಹಾಗಾಗಿ ಮುದ್ರೆ ಹಾಕದ ಮೂರು ಚೀಲಗಳನ್ನು ಮನೆಗೆ ಒಯ್ದೆ. ಎರಡನ್ನು ಅಡುಗೆಮನೆಯ ಒಲೆಯ ಪಕ್ಕ ಇಟ್ಟೆ. ಅಲ್ಲಿ ಜಾಗ ಸಾಲದೆ ಮೂರನೆಯದನ್ನು ನನ್ನ ಕೋಣೆಯ ಪೆಟ್ಟಿಗೆಯ ಮೇಲೆ, ಕೌದಿಗಳ ಹಿಂದೆ ಇಟ್ಟೆ. ನಿಯಮದ ಪುಸ್ತಕದಲ್ಲಿ ಇದಕ್ಕೆ ಅವಕಾಶವಿಲ್ಲ. ಮೂವತ್ತೈದು ವರ್ಷ ಕೆಲಸ ಮಾಡಿದವರಿಗೆ ಪುಸ್ತಕ ಬೇಡ ಅನ್ನಿಸಿಬಿಡುತ್ತದೆ, ಅದೇ ಅವರ ರೋಗ.

ಶನಿವಾರ, ಭಾನುವಾರ ಎರಡೂ ದಿನ ನಾನು ಬೆಳಗಿನಿಂದ ಕತ್ತಲಾಗುವವರೆಗೆ ಕಣಜದಲ್ಲೇ ಇದ್ದೆ, ಲಾರಿಗಳ ಸಾಲು ಮುಗಿಯಲಿಲ್ಲ. ಸೋಮವಾರ ಚೀಲಗಳನ್ನು ವಾಪಸು ಒಯ್ದೆ. ಒಂದು ಚೀಲದಿಂದ ಅರ್ಧ ಕಿಲೋ ತೆಗೆದು ಬೀಸಿ, ಪರೀಕ್ಷಾ ಪಟ್ಟಿ ಅದ್ದಿದೆ. ಇನ್ನೂರ ನಲವತ್ತು! ನನಗೆ ಎಷ್ಟು ಖುಷಿಯಾಯಿತೆಂದರೆ ಲೀದಾಳಿಗೆ ಚಹಾ ನಾನೇ ಬಗ್ಗಿಸಿ ಕೊಟ್ಟೆ. ಕಾಳೂ ಅಷ್ಟು ಚೆನ್ನಾಗಿತ್ತು, ಒಂದೊಂದೂ ತೊಳೆದಿಟ್ಟ ಹಾಗೆ. ಜುಲೈಯ ಮಳೆ ಇವರ ಹೊಲವನ್ನು ಬಿಟ್ಟು ಹೋಗಿದೆ ಎಂದುಕೊಂಡೆ. ಅಂಥ ವರ್ಷದಲ್ಲಿ ಅಷ್ಟು ಚೆಂದದ ಕಾಳು ಕಂಡರೆ ಅನುಮಾನ ಪಡಬೇಕಾದವಳು ನಾನು. ಸಂತೋಷಪಟ್ಟೆ, ಸಹಿ ಹಾಕಿದೆ. ಇದು ನನ್ನ ಎರಡನೇ ತಪ್ಪು, ಮೊದಲನೆಯದಕ್ಕಿಂತ ನಾಚಿಕೆಗೇಡಿನದು.

ವ್ಯಾಗನ್ ಹೊರಟ ಮೂರನೇ ದಿನ ಪರೀಕ್ಷಾ ಪಟ್ಟಿಗಳ ಹೊಸ ಪೆಟ್ಟಿಗೆ ಬಂತು. ಹೊಸ ಪೆಟ್ಟಿಗೆ ಒಡೆದಾಗ ಫಲಿತಾಂಶ ಗೊತ್ತಿರುವ ಒಂದು ಮಾದರಿಯಿಂದ ಅದನ್ನು ಸರಿನೋಡುವುದು ನಮ್ಮ ರೂಢಿ. ಕಪಾಟಿಗೆಂದು ಉಳಿಸಿದ್ದ ಮೂರನೇ ಚೀಲ ಬಿಚ್ಚಿದೆ. ಇನ್ನೂರ ನಲವತ್ತು ಬರಬೇಕಿತ್ತು. ಸಾವಿರದ ಐನೂರು ಬಂತು.

ಪಟ್ಟಿ ಕೆಟ್ಟಿದೆ ಎಂದುಕೊಂಡೆ. ಹಳೇ ಪೆಟ್ಟಿಗೆಯಲ್ಲಿ ಉಳಿದಿದ್ದ ಎರಡು ಪಟ್ಟಿಯಲ್ಲಿ ನೋಡಿದೆ, ಅದೇ ಬಂತು. ಬೀಸುವ ಯಂತ್ರದಲ್ಲಿ ಯಾವುದೋ ಹಳೇ ಹಿಟ್ಟು ಅಂಟಿದೆ ಎಂದು ಅದನ್ನು ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ, ಒರೆಸಿ ಮತ್ತೆ ಬೀಸಿದೆ. ಸಾವಿರದ ನಾನೂರ ಎಂಬತ್ತು. ಮೊದಲ ಚೀಲವನ್ನು ಮತ್ತೆ ನೋಡಿದೆ, ಇನ್ನೂರ ಐವತ್ತು. ನೀರು ಬದಲಾಯಿಸಿದೆ. ಗಡಿಯಾರ ಬದಲಾಯಿಸಿದೆ. ಲೀದಾಳ ಕೈಯಿಂದ ಮಾಡಿಸಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅವಳಿಗಳು, ಒಬ್ಬ ಸಾಧು, ಇನ್ನೊಬ್ಬ ಕಳ್ಳ. ಇದನ್ನು ಹೇಗೆ ಹೇಳಲಿ ಕೆಂಝೆಬೆಕ್, ಎದೆಯೊಳಗೆ ಒಂಥರಾ ಹಬ್ಬ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾವಿಬ್ಬರೂ ಸಂಸ್ಥೆಯ ಪ್ರಯೋಗಾಲಯದಲ್ಲಿ ಒಂದೇ ಸೂಕ್ಷ್ಮದರ್ಶಕಕ್ಕೆ ಕಿತ್ತಾಡುತ್ತಿದ್ದೆವಲ್ಲ, ಆ ಹಬ್ಬ. ನೀನು ಪಕ್ಕದಲ್ಲಿ ಇದ್ದಿದ್ದರೆ, ತಳ್ಳು ಆ ಕಡೆ, ನಾನು ನೋಡ್ತೀನಿ ಅನ್ನುತ್ತಿದ್ದೆ. ನೀನಿರಲಿಲ್ಲ ಎಂದು ಆ ಕ್ಷಣದಲ್ಲಿ ನಿಜವಾಗಿ ಬೇಜಾರಾಯಿತು, ಬರೆದುಬಿಟ್ಟಿದ್ದೇನೆ, ಹೊಡೆದುಹಾಕುವುದಿಲ್ಲ.

ಕೊನೆಗೆ ದಾರಿ ತೋರಿಸಿದವಳು ಲೀದಾ. ಮಂಗಳವಾರ ಅವಳು ಎರಡೂ ಚೀಲದಿಂದ ಒಂದೊಂದು ಹಿಡಿ ತಟ್ಟೆಗೆ ಸುರಿದು ಕಸ ಎಣಿಸಲು ಕೂತಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕೂಗಿದಳು.

“ಬಾರೇ ಇಲ್ಲಿ ರಾಬಿಗಾ. ಮೂರನೇ ಚೀಲದಲ್ಲಿ ಕಳೆ ಬೀಜ, ಹೊಟ್ಟು, ಒಡೆದ ಕಾಳು ಎಲ್ಲಾ ಸೇರಿ ಅರವತ್ತೊಂದು. ಮೊದಲ್ನೇದರಲ್ಲಿ ಎಷ್ಟು ಹೇಳು?”

“ಎಷ್ಟು?”

“ಸೊನ್ನೆ. ಒಂದೇ ಒಂದು ಹುಲ್ಲಿನೆಸಳೂ ಇಲ್ಲ. ಇಷ್ಟು ಚೊಕ್ಕವಾದ ಹೊಲ ಸ್ವರ್ಗದಲ್ಲೂ ಇಲ್ಲ ಕಣೇ. ಕಂಬೈನ್ ಕಟಾವು ಮಾಡಿದ ಗೋಧಿನಾ ಇದು, ಇಲ್ಲಾ ಮದುಮಗಳ ಮುಂದೆ ಸುರಿಯೋಕೆ ಇಟ್ಟಿದ್ದಾ?”

ನಾನು ತಕ್ಕಡಿಗೆ ಓಡಿದೆ. ಎರಡೂವರೆ ಕಿಲೋದಲ್ಲಿ ಅರ್ಧ ಕಿಲೋ ಮೊದಲ ಪರೀಕ್ಷೆಗೆ ಹೋಗಿತ್ತು, ಆಮೇಲಿನವಕ್ಕೆ ತೆಗೆದದ್ದೆಲ್ಲ ಪುಸ್ತಕದಲ್ಲಿತ್ತು. ಎಲ್ಲಾ ಕಳೆದು ನೋಡಿದರೂ ಚೀಲದಲ್ಲಿ ನೂರು ಗ್ರಾಂ ಕಡಿಮೆ. ಒಣಗಿ ಕಡಿಮೆಯಾಗಿದ್ದರೆ ಮೂರನೆಯದೂ ಕಡಿಮೆಯಾಗಬೇಕಿತ್ತು, ಅದು ಸರಿಯಾಗಿತ್ತು. ಯಾರೋ ಈ ಚೀಲದಿಂದ ನೂರು ಗ್ರಾಂ ತೆಗೆದಿದ್ದಾರೆ, ಅದೂ ಕೆಟ್ಟದ್ದನ್ನು ಮಾತ್ರ, ಒಂದೊಂದಾಗಿ. ಇಲಿ ಒಳ್ಳೆಯದನ್ನು ತಿನ್ನುತ್ತದೆ. ಕಳ್ಳ ಎಲ್ಲವನ್ನೂ ಒಯ್ಯುತ್ತಾನೆ. ಎಪ್ಪತ್ತು ಸಾವಿರ ಕಾಳಿನ ನಡುವೆ ಕೂತು ಕೊಳೆತದ್ದನ್ನು ಮಾತ್ರ ಕದಿಯುವ ಜೀವ ಯಾವುದು? ಅವತ್ತು ಮಧ್ಯಾಹ್ನವೆಲ್ಲ ನಾನೂ ಲೀದಾಳೂ ಇದನ್ನೇ ಯೋಚಿಸಿದೆವು. ನೀನು ಈಗಾಗಲೇ ಊಹಿಸಿ ನಗುತ್ತಿದ್ದೀಯ, ನಿನ್ನ ತಾಯಿ ಅಲ್ಲವೇ. ನನಗೆ ಹೊಳೆಯಲಿಲ್ಲ.

ಸಂಜೆ ಮನೆಗೆ ಬಂದೆ. ಅತ್ತೆ ಅಡುಗೆಮನೆಯ ಮೇಜಿನ ಮೇಲೆ ಗಂಜಿಗೆಂದು ಗ್ರೆಚ್ಕಾ ಕಾಳು ಸುರಿದುಕೊಂಡು ಆರಿಸುತ್ತಿದ್ದರು. ಈಗಿನ ಪೊಟ್ಟಣದ ಗ್ರೆಚ್ಕಾದಲ್ಲಿ ಆರಿಸಲು ಏನೂ ಇರುವುದಿಲ್ಲ. ಆದರೂ ಅವರ ವಯಸ್ಸಿನವರ ಮುಂದೆ ಯಾವ ಕಾಳು ಸುರಿದರೂ ಕೈ ಸುಮ್ಮನಿರುವುದಿಲ್ಲ, ಕಲ್ಲು ಮಣ್ಣು ಬೆರೆತ ಕಾಳು ತಿಂದ ಕಾಲದವರು. ಎಡಗೈ ಗುಡ್ಡೆಯನ್ನು ಹರಡುತ್ತದೆ, ಬಲಗೈಯ ತೋರುಬೆರಳು ಒಳ್ಳೆಯದನ್ನು ಮೇಜಿನ ಅಂಚಿಗೆ ಸರಿಸುತ್ತದೆ, ಅದು ಟಪಟಪ ಬಟ್ಟಲಿಗೆ ಬೀಳುತ್ತದೆ. ನಾನು ಬಾಗಿಲಲ್ಲೇ ಕೋಟು ಬಿಚ್ಚದೆ ನಿಂತು ಆ ಬೆರಳನ್ನು ನೋಡಿದೆ.

“ಅಪಾ, ಆವತ್ತು ಒಲೆ ಪಕ್ಕ ಎರಡು ಚೀಲ ಗೋಧಿ ಇಟ್ಟಿದ್ನಲ್ಲ…” ಎಂದೆ.

“ಹ್ಞೂ, ಆರಿಸಿಟ್ಟೆ” ಎಂದರು, ತಲೆ ಎತ್ತದೆ. “ನೀನು ಈಗ ನೋಡಿದೆಯಾ? ವಾರದ ಮೇಲಾಯ್ತು, ಚೆನ್ನಾಗಿದೆ ಅಂತ ಒಂದು ಮಾತಿಲ್ಲ.”

“ಆರಿಸಿದ್ರಾ!”

“ಮತ್ತೆ? ಹಾಗೇ ಕಳಿಸ್ತೀಯಾ? ಹೊರಗಿನವರು ಬಿಚ್ಚಿ ನೋಡೋ ಚೀಲ. ಇವರ ಮನೇಲಿ ಹೆಂಗಸರೇ ಇಲ್ವಾ, ಕಾಳು ಹಸನು ಮಾಡೋಕೆ ಬರಲ್ವಾ ಅಂತ ಕೇಳಲ್ವಾ? ಎರಡು ದಿನ ಹಿಡೀತು, ಸೊಂಟ ಬಿದ್ದುಹೋಯ್ತು.” ಆಮೇಲೆ ನನ್ನನ್ನೇ ತರಾಟೆಗೆ ತೆಗೆದುಕೊಂಡರು. “ಮೂರು ಚೀಲ ತಂದಿದ್ದೆ ನೀನು, ನಾನು ನೋಡಿದ್ದೆ. ಇನ್ನೊಂದನ್ನ ಎಲ್ಲಿ ಬಚ್ಚಿಟ್ಟಿದ್ದೆ? ಹುಡುಕಿ ಹುಡುಕಿ ಸಾಕಾಯ್ತು. ಸಿಕ್ಕಿದ್ರೆ ಅದನ್ನೂ ಮಾಡಿಬಿಡ್ತಿದ್ದೆ.”

ನಾನು ಕೋಟಿನಲ್ಲೇ ಬಾಗಿಲ ಪಕ್ಕದ ಮಣೆಯ ಮೇಲೆ ಕೂತೆ. ಅವರು ಕೌದಿಯ ಹಿಂದೆ ಒಮ್ಮೆ ಕೈ ಹಾಕಿದ್ದರೆ ಮೂರು ಚೀಲವೂ ಸಾಧುಗಳಾಗಿರುತ್ತಿದ್ದವು, ನನಗೆ ಸಾಯುವ ತನಕ ಏನೂ ತಿಳಿಯುತ್ತಿರಲಿಲ್ಲ.

ಆರಿಸಿ ತೆಗೆದ ಕಸ ಎಲ್ಲಿ ಎಂದು ಕೇಳಿದೆ. ಧಾನ್ಯ ಬಿಸಾಕಿದರೆ ಪಾಪ ಬರಲ್ವಾ ಎಂದು ನನ್ನನ್ನೇ ಕೇಳಿ, ಕಪಾಟಿನಿಂದ ಚಹಾದ ತಗಡಿನ ಡಬ್ಬಿ ತೆಗೆದುಕೊಟ್ಟರು. ಎರಡು ಚೀಲದ ಕಸವೂ ಅದರಲ್ಲೇ ಇತ್ತು. “ಪಕ್ಕದ್ಮನೆ ಕೋಳಿಗೆ ಹಾಕೋಣ ಅಂತ ಎತ್ತಿಟ್ಟೆ. ಆಮೇಲೆ ಬೆಳಕಲ್ಲಿ ನೋಡ್ದೆ, ಬಣ್ಣ ಯಾಕೋ ಸರಿ ಇರ್ಲಿಲ್ಲ. ಕೋಳಿ ಏನು ಪಾಪ ಮಾಡಿದೆ ಅಂತ ಹಾಗೇ ಬಿಟ್ಟೆ” ಎಂದರು. ಪಟ್ಟಿ ಇಲ್ಲ, ಯಂತ್ರ ಇಲ್ಲ, ಮೊಹರು ಇಲ್ಲ. ಕಿಟಕಿಯ ಬೆಳಕಿನಲ್ಲಿ ನೋಡಿ ಕೋಳಿಗೂ ಬೇಡ ಎಂದ ಕಾಳು, ಅದೇ ಹೊಲದ್ದು, ನನ್ನ ಸಹಿ ಹೊತ್ತು ನಿನ್ನ ಕಡೆ ಬರುತ್ತಿದೆ.

ಬುಧವಾರ ಬೆಳಿಗ್ಗೆ ಡಬ್ಬಿಯನ್ನು ತೆಗೆದುಕೊಂಡು ಹೋಗಿ, ಪರೀಕ್ಷೆಗೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಕೊಳಕು ಚೀಲದಲ್ಲಿರುವ ವಿಷ ಇಷ್ಟು, ಹಸನಾದ ಚೀಲದಲ್ಲಿ ಉಳಿದದ್ದು ಇಷ್ಟು, ವ್ಯತ್ಯಾಸವೆಲ್ಲ ಆ ನೂರು ಗ್ರಾಂನಲ್ಲೇ ಇದ್ದರೆ ಕಿಲೋಗೆ ಮೂವತ್ತೊಂದು ಸಾವಿರದ ಏಳುನೂರು ಬರಬೇಕು. ಆಮೇಲೆ ಬೀಸಿ, ನಲವತ್ತು ಪಾಲು ನೀರು ಬೆರೆಸಿ ತೆಳುಮಾಡಿ ನೋಡಿದೆವು. ಮೂವತ್ತೊಂದು ಸಾವಿರದ ಇನ್ನೂರು ಬಂತು. ಲೀದಾ ಶಿಲುಬೆ ಗುರುತು ಮಾಡಿಕೊಂಡಳು. ನಾನು, ನಗಬೇಡ, ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ತಟ್ಟಿದ ಮೇಲೆ ಹೆದರಿಕೆ ಬಂತು, ಏಕೆಂದರೆ ಇನ್ನು ಕೇಳಲು ಪ್ರಶ್ನೆಯೇ ಉಳಿದಿರಲಿಲ್ಲ.

ಪ್ರಮಾಣಪತ್ರ ವಾಪಸು ಪಡೆಯುವ ಅರ್ಜಿ ಬರೆದುಕೊಂಡು ನಮ್ಮ ಕಣಜದ ನಿರ್ದೇಶಕ ಮೈರಾಂಬೆಕ್‌ನ ಕೋಣೆಗೆ ಹೋದೆ. ಅವನು ಎರಡು ಸಲ ಓದಿದ.

“ಇದನ್ನ ಯಾರು ನೋಡಿದ್ದಾರೆ?” ಎಂದು ಕೇಳಿದ.

“ನಾನು, ಲೀದಾ, ಈಗ ನೀವು.”

“ಹಾಗಾದ್ರೆ ಯಾರೂ ನೋಡಿಲ್ಲ” ಎಂದು ಅರ್ಜಿಯನ್ನು ಮೇಜಿನ ಖಾನೆಯೊಳಗೆ ಹಾಕಿ ತಳ್ಳಿದ. “ರಾಬಿಗಾ ಅವ್ರೇ, ನೀವು ತಿಳಿದೋರು. ಅಲ್ಲಿ ಇಳಿಸ್ಕೊಳ್ಳೋನು ನಿಮ್ಮ ಯಜಮಾನ್ರೇ ಅಲ್ವಾ? ನಿಮ್ಮ ಸಹಿ ಇದ್ರೆ ಆ ಮನುಷ್ಯ ವ್ಯಾಗನ್‌ಗೆ ಕೊಳವೆ ಚುಚ್ಚೋದೇ ಇಲ್ವಂತೆ. ಬೇರೆಯವ್ರ ಗೋಧಿನ ಮೂರು ಮೂರು ಸಲ ಚುಚ್ತಾನಂತೆ. ನಿಮ್ದು ಬಂದ್ರೆ, ಇದು ರಾಬಿಗಾ ನೋಡಿರೋದು, ಇಳಿಸ್ರಪ್ಪಾ ಅಂತಾನಂತೆ. ಇಡೀ ಸಾರಿಯಗಾಶ್‌ಗೆ ಗೊತ್ತು. ನಿಮ್ಗೆ ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ನೀನು ಗಿರಣಿಯ ಕೆಲಸ ಹಿಡಿದು ಹೊರಟಾಗ, ಬರುತ್ತೀಯಾ ಇಲ್ಲವಾ ಎಂದು ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ, ನಾನು ಪ್ರಯೋಗಾಲಯ ಬಿಟ್ಟು ಬರುವುದಿಲ್ಲ ಎಂದೆ. ಆ ಪ್ರಯೋಗಾಲಯವನ್ನೇ ಕಟ್ಟಿಕೊಳ್ಳಬೇಕಿತ್ತು ಎಂದು ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ. ನಿನ್ನ ಅಮ್ಮನೂ ಬರಲಿಲ್ಲ, ಸೊಸೆ ಇರುವ ಮನೆಯೇ ನನ್ನ ಮನೆ ಎಂದರು. ಅಂದಿನಿಂದ ನೀನು ನನ್ನನ್ನು ಬೈದುಕೊಂಡು ಬದುಕಿದ್ದೀಯ ಎಂದೇ ತಿಳಿದಿದ್ದೆ. ಅಲ್ಲಿ ಕೂತು ಮೂರು ವರ್ಷದಿಂದ ನನ್ನ ವ್ಯಾಗನ್‌ಗಳನ್ನು ಮುಟ್ಟದೆ ಬಿಡುತ್ತಿದ್ದೀಯ ಎಂದು ಆ ಮೈರಾಂಬೆಕ್‌ನ ಬಾಯಿಂದ ಕೇಳಬೇಕಾಯಿತು. ಕೆಂಝೆಬೆಕ್, ಆ ಒಂದು ನಿಮಿಷ ನನಗೆ ಎಷ್ಟು ಸುಖವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ, ಈ ವಯಸ್ಸಿನಲ್ಲಿ. ಮರುನಿಮಿಷಕ್ಕೆ ಅರ್ಥವಾಯಿತು: ಈ ನಲವತ್ತೆರಡು ವ್ಯಾಗನ್‌ಗಳನ್ನೂ ನೀನು ಚುಚ್ಚುವುದಿಲ್ಲ. ಮೈರಾಂಬೆಕ್ ನಂಬಿ ಕೂತಿರುವುದು ಅದನ್ನೇ. ನಿನಗೆ ನನ್ನ ಮೇಲಿರುವ ನಂಬಿಕೆಯನ್ನೇ ಚೀಲಕ್ಕೆ ತುಂಬಿ ಮಾರುತ್ತಿದ್ದಾನೆ.

“ಸಂಸಾರ ಸರಿಹೋಗೋ ಹೊತ್ತಲ್ಲಿ ಯಾಕಮ್ಮಾ ಕೆಡಿಸ್ಕೋತೀರಿ?” ಎಂದ. ಅರ್ಜಿ ವಾಪಸು ಕೊಡಿ ಎಂದೆ. ಕೊಡಲಿಲ್ಲ. ಇನ್ನೊಂದು ಬರೆದು ಪ್ರಾಂತ್ಯದ ಕಚೇರಿಗೆ ನಾನೇ ಅಂಚೆಗೆ ಹಾಕಿದೆ, ಆದರೆ ಅಲ್ಲಿಯ ಕಾಗದ ನಿನ್ನ ತನಕ ಬರುವಷ್ಟರಲ್ಲಿ ಆ ಗೋಧಿ ರೊಟ್ಟಿಯಾಗಿ, ರೊಟ್ಟಿ ಖಾಲಿಯೂ ಆಗಿರುತ್ತದೆ. ಮೈರಾಂಬೆಕ್‌ಗೆ ಇದು ತಿಳಿದ ದಿನ ಮೊಹರು ಕಿತ್ತುಕೊಳ್ಳುತ್ತಾನೆ. ಅದಕ್ಕೇ ಇಂದೇ ಈ ಹಾಳೆಗೆ ಒತ್ತಿದ್ದೇನೆ. ಬಹುಶಃ ಇದೇ ಕೊನೆಯದು.

ಅರ್ಜಿಯಲ್ಲಿ ಕಾರಣ ಏನು ಬರೆದೆ ಎಂದು ನೀನು ಕೇಳುತ್ತೀಯ. ಮುದ್ರೆ ಹಾಕದ ಮಾದರಿಗಳನ್ನು ನಿಯಮ ಮೀರಿ ಮನೆಗೆ ಒಯ್ದದ್ದರಿಂದ ಮಾದರಿ ವ್ಯತ್ಯಾಸಗೊಂಡಿದೆ, ಹೊಣೆ ನನ್ನದು ಎಂದು ಬರೆದೆ. ಅದು ನಿಜವೂ ಹೌದು. ಅತ್ತೆಯ ಹೆಸರು ಎಲ್ಲಿಯೂ ಇಲ್ಲ, ನೀನೂ ಎಲ್ಲಿಯೂ ಎತ್ತಬೇಡ. ಶುಕ್ರವಾರಕ್ಕೊಮ್ಮೆ ಅವರಿಗೆ ಫೋನ್ ಮಾಡುತ್ತೀಯಲ್ಲ, ಆಗ ಅವರ ಹತ್ತಿರ ಈ ಮಾತು ತೆಗೆಯಬೇಡ, ತಮಾಷೆಗೂ. ಅವರಿಗೆ ನಾನು, ಬಹಳ ಚೆನ್ನಾಗಿ ಹಸನು ಮಾಡಿದ್ದೀರಿ ಅಪಾ ಎಂದಷ್ಟೇ ಹೇಳಿದ್ದೇನೆ. ಅದೂ ಸುಳ್ಳಲ್ಲ. ನಿಮ್ಮ ಗಿರಣಿಯಲ್ಲಿ ಬಣ್ಣ ನೋಡಿ ಕಾಳು ಆರಿಸುವ ಯಂತ್ರ ತಂದಿದ್ದಾರಂತಲ್ಲ, ಹಳೇ ಗೋಧಿಗೆ ಸೇರಿಸದೆ ನಲವತ್ತೆರಡು ವ್ಯಾಗನ್‌ಗಳ ಗೋಧಿಯನ್ನೂ ಒಂದೊಂದಾಗಿ ಅದರೊಳಗೆ ಹಾಯಿಸಿ ನೋಡಬಹುದು ಎಂದು ನಿನ್ನ ಯಜಮಾನರಿಗೆ ಹೇಳು. ಸಾವಿರದ ಐನೂರನ್ನು ಇನ್ನೂರ ನಲವತ್ತಕ್ಕೆ ಇಳಿಸಬಹುದು ಎಂದು ಒಬ್ಬ ಮುದುಕಿ ಬರಿಗೈಯಲ್ಲಿ ತೋರಿಸಿಕೊಟ್ಟಿದ್ದಾಳೆ. ಒಪ್ಪದಿದ್ದರೆ ವಾಪಸು ಕಳಿಸಲಿ, ಬೈಗುಳ ನಾನು ತಿನ್ನುತ್ತೇನೆ.

ಈಗ ನಾನು ಕೇಳುವುದು ಇಷ್ಟೇ. ನನ್ನ ವ್ಯಾಗನ್‌ಗಳನ್ನು ಚುಚ್ಚು. ನಿನ್ನ ಕೈಯಿಂದಲೇ, ಒಂದೊಂದಕ್ಕೂ ಎಂಟು ಕಡೆ, ತಳ ಮುಟ್ಟುವ ತನಕ. ನನ್ನ ಮಾತು ನಂಬಿ ನಿಲ್ಲಿಸಬೇಡ. ನಿನ್ನ ಅಂಕಿ ಬಂದ ಮೇಲೆ ನಿಲ್ಲಿಸು. ಈ ಸಲ ಮಾತ್ರವಲ್ಲ, ನನ್ನ ಕೈಯಲ್ಲಿ ಮೊಹರು ಉಳಿದರೆ ಮುಂದೆಯೂ. ನನ್ನ ಸಹಿ ಕಂಡು ಕೊಳವೆ ಕೆಳಗಿಡುವವನು ಈ ಭೂಮಿಯ ಮೇಲೆ ಒಬ್ಬ ಇದ್ದ ಎಂದು ತಿಳಿದ ಮಾರನೇ ದಿನವೇ, ಹಾಗೆ ಮಾಡಬೇಡ ಎಂದು ಬರೆಯಬೇಕಾಗಿ ಬಂತು. ನನ್ನ ಹಣೆಬರಹ ನೋಡಿ ನಾನೇ ನಗುತ್ತಿದ್ದೇನೆ, ನೀನೂ ನಕ್ಕುಬಿಡು.

ರೈಲಿಗೆ ಹೊತ್ತಾಯಿತು.

ನಿನ್ನ ಹೆಂಡತಿಯೋ ಏನೋ, ಕಾಗದದ ಪ್ರಕಾರ ಇನ್ನೂ,
ರಾಬಿಗಾ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಂದರು. ಪತ್ರ ನಿನಗೆಂದು ತಿಳಿದು, ಹಾಗಾದರೆ ಒಂದು ಮಾತು ಸೇರಿಸು ಎಂದರು. ಕೊಳ್ಳುವವರ ಚೀಲಕ್ಕೆ ನಿನ್ನ ಹೆಸರಿನ ಚೀಟಿ ಕಟ್ಟಿರುತ್ತೇವಲ್ಲ, ಅದನ್ನು ಅವರು ಓದಿದ್ದರಂತೆ. ಹೊರಗಿನವರ ಮಾತು ನನ್ನೆದುರು ಆಡಿದ್ದು ಬರೀ ನೆಪ. ಶನಿವಾರವಿಡೀ ಆರಿಸಿದ್ದು ನಿನ್ನ ಚೀಲವನ್ನು. ಭಾನುವಾರ ಇನ್ನೊಂದನ್ನು ಮುಟ್ಟಿದ್ದು, ಒಂದನ್ನು ಮಾಡಿ ಒಂದನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು. “ಕೆಂಝೆ ಚೀಲ ಬಿಚ್ಚಿ ಅಂಗೈ ಮೇಲೆ ಹಾಕ್ಕೊಂಡು ನೋಡ್ತಾನೆ. ನೋಡಿ, ಎಂಥಾ ಹೆಂಡ್ತೀನ ಬಿಟ್ಟು ಬಂದು ಕೂತಿದೀನಿ ನಾನು ಅಂತ ಅವನಿಗೆ ಅನ್ನಿಸ್ಬೇಕು. ಅದಕ್ಕೇ ಆರಿಸ್ದೆ” ಎಂದರು. ನನ್ನ ಸಹಿ ಇದ್ದರೆ ವ್ಯಾಗನ್ನನ್ನೇ ಚುಚ್ಚದವನು ಆ ಚೀಲವನ್ನೂ ಬಿಚ್ಚುವುದಿಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ. ಪರೀಕ್ಷೆಗೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ, ಕೆಂಝೆಬೆಕ್. ಆದರೂ ಈ ಸಲ ಬಿಚ್ಚು.